ಗಾಜಿನ ಕಡಲಿಗೆ ಅಜ್ಜಿ–ಮೊಮ್ಮಗನ ಕಾವಲು

ಕಳೆದ ವರ್ಷ ಅಮೆರಿಕದಲ್ಲಿರುವ ಮಗಳ ಮನೆಗೆ ಹೋಗಿದ್ದೆ. ನಡುಮನೆಯಲ್ಲಿ ಒಂದು ದೊಡ್ಡ ಗಾಜಿನ ತೊಟ್ಟಿ. ಅದರೊಳಗೆ ಬಣ್ಣಬಣ್ಣದ ಹವಳ, ಕಿತ್ತಳೆ ಮೈಗೆ ಬಿಳಿ ಪಟ್ಟೆಯಿರುವ ಎರಡು ಕ್ಲೌನ್ ಮೀನು, ಕಲ್ಲಿನ ಸಂದಿಯಲ್ಲಿ ಮೀಸೆ ಆಡಿಸುತ್ತಾ ಕೂತ ಒಂದು ಸಿಗಡಿ. ಅಳಿಯಂದಿರು 4 ವರ್ಷದಿಂದ ಜತನವಾಗಿ ಸಾಕಿದ ಪುಟ್ಟ ಸಮುದ್ರ ಅದು.

ಒಮ್ಮೆ ಅಳಿಯಂದಿರು ಕೆಲಸದ ಮೇಲೆ 5 ದಿನ ಬೇರೆ ಊರಿಗೆ ಹೊರಟರು. ಮಗಳಿಗೆ ರಾತ್ರಿ ಪಾಳಿ. “ಅತ್ತೆ, ನೀವೂ ಪುಟ್ಟನೂ ಇದನ್ನು ನೋಡಿಕೊಳ್ಳಬೇಕು” ಎಂದು ಒಂದು ಪಟ್ಟಿ ಅಂಟಿಸಿ ಹೋದರು. ಪುಟ್ಟನಿಗೆ 10 ವರ್ಷ, ನನಗೆ 68. ಮೀನಿಗೆ ಕಾಳು ಹಾಕುವುದೇನು ಮಹಾ ಕೆಲಸ ಅಂದುಕೊಂಡೆ. ಪಟ್ಟಿ ನೋಡಿದರೆ ಮೀನಿನ ಊಟಕ್ಕೆ ಒಂದೇ ಸಾಲು. ಉಳಿದದ್ದೆಲ್ಲ ಯಂತ್ರಗಳ ವಿಚಾರ!

ಕಡಲು ಪುಕ್ಕಟೆ ಮಾಡುವ ಕೆಲಸ

ಹವಳ ಕಲ್ಲಲ್ಲ, ಗಿಡವೂ ಅಲ್ಲ, ಅದೊಂದು ಪ್ರಾಣಿ. ಅದರ ಮೈಯೊಳಗೆ ಕಣ್ಣಿಗೆ ಕಾಣದಷ್ಟು ಸಣ್ಣ ಪಾಚಿ ಮನೆ ಮಾಡಿಕೊಂಡಿರುತ್ತದೆ. ಬೆಳಕಿನಿಂದ ತಾನು ಮಾಡಿಕೊಂಡ ಊಟದಲ್ಲಿ ಹವಳಕ್ಕೂ ಪಾಲು ಕೊಡುತ್ತದೆ. ನೀರು ಬಿಸಿಯಾದರೆ ಈ ಪಾಚಿ ಹೊರಬಿದ್ದು ಹವಳ ಬಿಳಿಚಿಕೊಳ್ಳುತ್ತದೆ. ಹಾಗೇ ಉಳಿದರೆ ಸಾಯುತ್ತದೆ.

ಸಮುದ್ರದಲ್ಲಿ ಬಿಸಿಲು, ಅಲೆ, ಹದವಾದ ಬೆಚ್ಚಗೆ ಎಲ್ಲವೂ ತಾನಾಗಿಯೇ ಸಿಗುತ್ತದೆ. ತೊಟ್ಟಿಯಲ್ಲಿ ಬಿಸಿಲಿನ ಬದಲು ದೀಪ, ಅಲೆಯ ಬದಲು ಪಂಪ್, ಬೆಚ್ಚಗಿಡಲು ಹೀಟರ್ ಬೇಕು. ಕೆಳಗಿನ ಕಪಾಟಿನಲ್ಲಿ ಇನ್ನೊಂದು ತೊಟ್ಟಿ. ಅದಕ್ಕೂ ನಮ್ಮೂರಿನಂತೆ ಸಂಪ್ ಎಂದೇ ಹೆಸರು! ಮೇಲಿನ ನೀರು ಸಂಪ್‌ಗೆ ಇಳಿದು, ಸೋಸಿ, ಬೆಚ್ಚಗಾಗಿ, ಪಂಪ್ ಮೂಲಕ ಮತ್ತೆ ಮೇಲೇರುತ್ತದೆ.

ಸಂಪ್‌ನಲ್ಲಿ ಸ್ಕಿಮ್ಮರ್ ಎಂಬ ಯಂತ್ರವೂ ಇತ್ತು. ಆಲೆಮನೆಯಲ್ಲಿ ಕಬ್ಬಿನ ಹಾಲು ಕುದಿಯುವಾಗ ಕೊಳೆಯೆಲ್ಲ ನೊರೆಯಾಗಿ ಮೇಲೆ ಬರುವುದನ್ನು ನೋಡಿದ್ದೀರಲ್ಲ? ಇದೂ ಹಾಗೆಯೇ. ಸಣ್ಣ ಸಣ್ಣ ಗಾಳಿಗುಳ್ಳೆಗಳಿಗೆ ನೀರಿನ ಕೊಳೆ ಅಂಟಿ ನೊರೆಯಾಗಿ ಮೇಲೇರಿ ಒಂದು ಬಟ್ಟಲಿಗೆ ಬೀಳುತ್ತದೆ. ವಾಸನೆ ಮಾತ್ರ ಕೇಳಬೇಡಿ!

ಎರಡು ನಿಮಿಷದ ನೋಟ

ದಿನಾ ಬೆಳಿಗ್ಗೆ ಪುಟ್ಟ ಓದಿ ಹೇಳುತ್ತಿದ್ದ, ನಾನು ಬರೆದಿಡುತ್ತಿದ್ದೆ. ಮೊದಲು ಥರ್ಮಾಮೀಟರ್. 25.5 ಡಿಗ್ರಿ ಇರಬೇಕು. “ಹೀಟರ್‌ನಲ್ಲೇ ಡಿಗ್ರಿ ಇದೆಯಲ್ಲೋ?” ಎಂದೆ. “ಅಜ್ಜಿ, ಹೀಟರ್ ಕೆಟ್ಟರೆ ಅದು ತೋರಿಸುವುದೂ ತಪ್ಪಾಗುತ್ತೆ. ಅದಕ್ಕೇ ಬೇರೆ ಥರ್ಮಾಮೀಟರ್” ಎಂದ ಪುಟ್ಟ. ಕೆಲವು ಹೀಟರ್‌ಗಳು ಕೆಟ್ಟಾಗ ಆರದೆ ಕಾಯಿಸುತ್ತಲೇ ಇರುತ್ತವಂತೆ.

ಎರಡನೆಯದು ಉಪ್ಪು. ಒಂದು ಕಿಲೋ ಸಮುದ್ರದ ನೀರಿನಲ್ಲಿ ಸುಮಾರು 35 ಗ್ರಾಂ ಉಪ್ಪಿರುತ್ತದೆ. ತೊಟ್ಟಿಯಲ್ಲೂ ಅಷ್ಟೇ ಇರಬೇಕು. ಒಲೆಯ ಮೇಲೆ ಬಿಟ್ಟ ಸಾರು ಬತ್ತಿದಷ್ಟೂ ಉಪ್ಪಾಗುವುದಿಲ್ಲವೇ? ತೊಟ್ಟಿಯ ನೀರು ಆವಿಯಾದಾಗಲೂ ಹಾಗೇ: ನೀರು ಹೋಗುತ್ತದೆ, ಉಪ್ಪು ಉಳಿಯುತ್ತದೆ. ಆದ್ದರಿಂದ ಕಡಿಮೆಯಾದಷ್ಟು ಜಾಗಕ್ಕೆ ಶುದ್ಧೀಕರಿಸಿದ ಸಿಹಿನೀರನ್ನೇ ಸುರಿಯಬೇಕು, ಉಪ್ಪುನೀರನ್ನಲ್ಲ.

ಸುರಿಯಲು ನಾನು ದೇವರ ಮನೆಯ ತಾಮ್ರದ ಚೊಂಬು ತಂದೆ. “ಬೇಡ ಅಜ್ಜಿ! ತಾಮ್ರ ಹವಳಕ್ಕೂ ಸಿಗಡಿಗೂ ವಿಷ!” ಎಂದು ಪುಟ್ಟ ಓಡಿಬಂದ. ನಮಗೆ ಪವಿತ್ರವಾದ ಚೊಂಬು ಅವಕ್ಕೆ ಆಗುವುದಿಲ್ಲ ನೋಡಿ. ಪ್ಲಾಸ್ಟಿಕ್ ಜಗ್ ತಂದೆ.

ಮೂರನೆಯದು ವೈರು. ಪ್ಲಗ್‌ಗೆ ಹೋಗುವ ಪ್ರತಿ ವೈರೂ ಪ್ಲಗ್‌ಗಿಂತ ಕೆಳಕ್ಕೆ ಜೋತುಬಿದ್ದು ಮತ್ತೆ ಮೇಲೇರಬೇಕು. ಆಗ ವೈರಿನ ಮೇಲೆ ಹರಿದ ನೀರು ಕೆಳಗಿನ ಬಾಗಿನಿಂದಲೇ ತೊಟ್ಟಿಕ್ಕುತ್ತದೆ, ಪ್ಲಗ್‌ನೊಳಗೆ ಹೋಗುವುದಿಲ್ಲ. ಅಂಚಿನಲ್ಲಿ ಬಿಳಿ ಉಪ್ಪು ಕಟ್ಟಿದ್ದರೆ ಒರೆಸಬೇಕು.

ಸದ್ದು ಬದಲಾದ ದಿನ

ಮೂರನೇ ಬೆಳಿಗ್ಗೆ ಪುಟ್ಟ ಹಾಲು ಕುಡಿಯುತ್ತಿದ್ದವನು ಲೋಟ ಕೆಳಗಿಟ್ಟ. “ಅಜ್ಜಿ, ನೀರು ಬೀಳುವ ಸದ್ದು ಸಣ್ಣಗಾಗಿದೆ.” ನನಗೇನೂ ಗೊತ್ತಾಗಲಿಲ್ಲ. ಥರ್ಮಾಮೀಟರ್ ನೋಡಿದರೆ 24 ಡಿಗ್ರಿ! ಹಿಂದಿನ ದಿನ 25.5 ಎಂದು ನಾನೇ ಬರೆದಿದ್ದೆ. ಮನೆಯಲ್ಲಿ ಎ.ಸಿ. ಬೇರೆ. ಹೀಟರ್ ಸಂಪ್‌ನಲ್ಲಿ ಉರಿಯುತ್ತಿದೆ, ಆದರೆ ಬೆಚ್ಚಗಿನ ನೀರು ಮೇಲಕ್ಕೆ ಸರಿಯಾಗಿ ಏರುತ್ತಿಲ್ಲ.

ಅಳಿಯಂದಿರಿಗೆ ವಿಡಿಯೋ ಕಾಲ್ ಮಾಡಿದೆವು. “ಅತ್ತೆ, ಮೊದಲು ಎಲ್ಲ ಪ್ಲಗ್ ತೆಗೆಯಿರಿ. ಆಮೇಲೆ ನೀರಿಗೆ ಕೈ ಹಾಕಿ” ಎಂದರು. ಪ್ಲಗ್ ತೆಗೆದದ್ದು ನಾನೇ. ಪುಟ್ಟನನ್ನು ಹತ್ತಿರ ಬಿಡಲಿಲ್ಲ. ಸಂಪ್‌ನಿಂದ ಪಂಪ್ ಎತ್ತಿಟ್ಟು, ಕೈ ಒರೆಸಿಕೊಂಡು, ಮೇಲಿನ ತೊಟ್ಟಿಯ ಅಲೆಯ ಪಂಪನ್ನು ಮಾತ್ರ ಮತ್ತೆ ಹಾಕಿದೆ. ನೀರಿನ ಮೇಲ್ಮೈ ಅಲುಗುತ್ತಿದ್ದರೆ ಮೀನುಗಳಿಗೆ ಉಸಿರಾಟಕ್ಕೆ ತೊಂದರೆಯಿಲ್ಲ.

ಪಂಪ್ ಬಿಚ್ಚಿದರೆ ಒಳಗಿನ ತಿರುಗುವ ಚಕ್ರಕ್ಕೆ ಸುಣ್ಣದಂಥ ಗಟ್ಟಿ ಪದರ. ಸಂದಿಯಲ್ಲೊಂದು ಸಣ್ಣ ಬಸವನಹುಳುವಿನ ಚಿಪ್ಪು! ಬೋರ್‌ವೆಲ್ ನೀರು ಕಾಯಿಸಿದ ಪಾತ್ರೆಯ ತಳ ನೆನಪಾಯಿತು. ಅಂಥ ಪದರ ಹುಳಿಗೆ ಕರಗುತ್ತದೆ ಎಂದು ಅಡುಗೆಮನೆಯಲ್ಲಿ ಕಲಿತಿದ್ದೆ. ಅಳಿಯಂದಿರೂ ಅದನ್ನೇ ಹೇಳಿದರು: ಒಂದು ಪಾಲು ಬಿಳಿ ವಿನೆಗರ್, ಒಂದು ಪಾಲು ನೀರು, ಒಂದು ಗಂಟೆ ನೆನೆಹಾಕಿ. ಗುಳ್ಳೆಗಳೇಳುತ್ತಾ ಪದರ ಕರಗಿತು. ಹಳೆಯ ಹಲ್ಲುಜ್ಜುವ ಬ್ರಷ್‌ನಿಂದ ಪುಟ್ಟ ಉಜ್ಜಿದ. ಸೋಪು ಮಾತ್ರ ಮುಟ್ಟಿಸಲಿಲ್ಲ. ಸಿಹಿನೀರಿನಲ್ಲಿ ಚೆನ್ನಾಗಿ ತೊಳೆದು ಜೋಡಿಸಿ, ಎಲ್ಲ ಪ್ಲಗ್ ಹಾಕಿದೆವು. ನೀರು ಭೋರೆಂದು ಬಿತ್ತು. ಸಂಜೆಯ ಹೊತ್ತಿಗೆ 25.4 ಡಿಗ್ರಿ.

ಪುಟ್ಟ ಆ ಸದ್ದು ಗಮನಿಸದಿದ್ದರೆ ರಾತ್ರಿಯೊಳಗೆ ಪಂಪ್ ಪೂರ್ತಿ ನಿಲ್ಲುತ್ತಿತ್ತೇನೋ. ಯಂತ್ರ ಕೆಡುವ ಮೊದಲು ಮೆಲ್ಲಗೆ ಹೇಳುತ್ತದೆ. ದಿನಾ ಕೇಳಿಸಿಕೊಳ್ಳುವವರಿಗೆ ಮಾತ್ರ ಅದು ತಿಳಿಯುತ್ತದೆ.

ನಮ್ಮಲ್ಲಿ?

ಮಕ್ಕಳೇ, ಹವಳ ಬೇಕೆಂದು ಇಲ್ಲಿ ಹಟ ಮಾಡಬೇಡಿ. ನಮ್ಮ ದೇಶದಲ್ಲಿ ದಿಬ್ಬ ಕಟ್ಟುವ ಹವಳಗಳು 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಮೊದಲ ಅನುಸೂಚಿಯಲ್ಲಿವೆ. ಹುಲಿಯೂ ಅದೇ ಅನುಸೂಚಿಯಲ್ಲಿದೆ. ಸಮುದ್ರದಿಂದ ಅವನ್ನು ಕಿತ್ತು ತರುವುದು ಅಪರಾಧ. ನಮ್ಮ ಮುರುಡೇಶ್ವರದ ಬಳಿಯ ನೇತ್ರಾಣಿ ದ್ವೀಪದ ಸುತ್ತ ಹವಳಗಳಿವೆ; ಅವು ಅಲ್ಲೇ ಚೆನ್ನ. ಮನೆಯಲ್ಲಿ ಗಪ್ಪಿ, ಮಾಲಿಗಳಂಥ ಸಿಹಿನೀರಿನ ಮೀನು ಸಾಕಿದ್ದರೆ ಈ ಪಟ್ಟಿಯ ಬಹುಪಾಲು ನಿಮಗೂ ಸಲ್ಲುತ್ತದೆ. ಅಜ್ಜ–ಅಜ್ಜಿಯರೇ, ಪ್ಲಗ್ ನಿಮ್ಮ ಕೈಯಲ್ಲಿರಲಿ, ಪುಸ್ತಕ ಮಕ್ಕಳ ಕೈಯಲ್ಲಿರಲಿ.

ಅಳಿಯಂದಿರ ಪಟ್ಟಿ

ದಿನಾ: ಬಿಸಿ, ನೀರಿನ ಮಟ್ಟ, ಪಂಪ್ ಸದ್ದು, ವೈರು ನೋಡಿ. ಮೀನುಗಳನ್ನು ಎಣಿಸಿ.

ವಾರಕ್ಕೊಮ್ಮೆ: ಸ್ಕಿಮ್ಮರ್ ಬಟ್ಟಲು ತೊಳೆಯಿರಿ, ಸೋಸುವ ಬಟ್ಟೆ ಬದಲಿಸಿ, ಗಾಜಿನ ಪಾಚಿ ಒರೆಸಿ, ಉಪ್ಪು ಅಳೆಯಿರಿ. ಹತ್ತರಲ್ಲಿ ಒಂದು ಪಾಲು ನೀರು ಬದಲಿಸಿ. ಹೊಸ ನೀರಿನ ಉಪ್ಪು, ಬಿಸಿ ತೊಟ್ಟಿಯಷ್ಟೇ ಇರಲಿ.

ಮೂರು ತಿಂಗಳಿಗೊಮ್ಮೆ: ಪಂಪ್‌ಗಳನ್ನು ಬಿಚ್ಚಿ ವಿನೆಗರ್ ನೀರಿನಲ್ಲಿ ನೆನೆಸಿ ತೊಳೆಯಿರಿ.

ಪಟ್ಟಿಯ ಕೊನೆಗೆ ಪುಟ್ಟ ಪೆನ್ಸಿಲ್‌ನಲ್ಲಿ ಒಂದು ಸಾಲು ಸೇರಿಸಿದ್ದಾನೆ: “ತಾಮ್ರದ ಚೊಂಬು ತರಬೇಡಿ, ಅಜ್ಜಿ.”