ಜನೌಷಧಿ ಅಂಗಡಿಯ ಹಾರ್ಟ್ ಮಾತ್ರೆ ನಂಬಬಹುದೇ?



ಊರಿಂದ ಅಪ್ಪ-ಅಮ್ಮ ಪುಣೆಗೋ ಮುಂಬೈಗೋ ಬರುವಾಗ ಚೀಲದಲ್ಲಿ ಎರಡು-ಮೂರು ತಿಂಗಳ ಮಾತ್ರೆ ತಂದಿರುತ್ತಾರೆ. ಅದು ಮುಗಿದ ದಿನ ತಾಪತ್ರಯ ಶುರು. ಹುಬ್ಬಳ್ಳಿ ಡಾಕ್ಟರ್ ಬರೆದ ಕಂಪನಿ ಇಲ್ಲಿಯ ಮೆಡಿಕಲ್‌ನಲ್ಲಿ ಸಿಗುವುದಿಲ್ಲ. ಮಗ ಜನೌಷಧಿ ಕೇಂದ್ರದಿಂದ ಕಡಿಮೆ ಬೆಲೆಗೆ ತರುತ್ತಾನೆ. ಅಪ್ಪ ಅದನ್ನು ಮುಟ್ಟುವುದಿಲ್ಲ. "ಹಾರ್ಟಿನ ವಿಷಯದಲ್ಲಿ ಜುಗ್ಗತನ ಬೇಡಪ್ಪಾ" ಎನ್ನುತ್ತಾರೆ.

ಅಪ್ಪನ ಅನುಮಾನವನ್ನು ನಗಬೇಡಿ. ಆದರೆ ಒಂದು ಮಾತು ತಿಳಿದಿರಲಿ: ಅವರು ನಂಬಿರುವ "ಕಂಪನಿ ಮಾತ್ರೆ"ಯೂ ಬಹುತೇಕ ಜೆನೆರಿಕ್ಕೇ! ಕೊಲೆಸ್ಟ್ರಾಲ್ ಇಳಿಸುವ ಅಟೊರ್ವಾಸ್ಟಾಟಿನ್ ಅನ್ನು ಲಿಪಿಟರ್ ಎಂಬ ಹೆಸರಲ್ಲಿ ಪ್ರಸಿದ್ಧಗೊಳಿಸಿದ್ದು ಫೈಜರ್. ನಮ್ಮ ಮನೆಗಳಲ್ಲಿರುವುದು ಹೆಚ್ಚಾಗಿ ಅದಲ್ಲ, ಭಾರತದ ಯಾವುದೋ ಕಂಪನಿ ಅದೇ ಔಷಧಕ್ಕೆ ತನ್ನ ಹೆಸರಿಟ್ಟು ಮಾರುವುದು. ಹಾಗಾಗಿ ಕೇಳಬೇಕಾದ್ದು ಬ್ರಾಂಡೋ ಜೆನೆರಿಕ್ಕೋ ಎಂದಲ್ಲ. ಈ ಮಾತ್ರೆ ಮೂಲ ಔಷಧದಷ್ಟೇ ರಕ್ತಕ್ಕೆ ಸೇರುತ್ತದೆಯೇ ಎಂದು.

ಅದನ್ನು ಪರೀಕ್ಷಿಸುವ ಕ್ರಮ ಇದೆ. ಆರೋಗ್ಯವಂತ ಸ್ವಯಂಸೇವಕರಿಗೆ, ಸಾಮಾನ್ಯವಾಗಿ ಎರಡು-ಮೂರು ಡಜನ್ ಜನರಿಗೆ, ಒಮ್ಮೆ ಮೂಲ ಔಷಧ, ಕೆಲವು ದಿನ ಬಿಟ್ಟು ಜೆನೆರಿಕ್ ಕೊಡುತ್ತಾರೆ. ಗಂಟೆ ಗಂಟೆಗೂ ರಕ್ತ ತೆಗೆದು, ಒಟ್ಟು ಎಷ್ಟು ಔಷಧ ಸೇರಿತು, ಗರಿಷ್ಠ ಮಟ್ಟ ಎಷ್ಟಾಯಿತು ಎಂದು ನೋಡುತ್ತಾರೆ. ಮೂಲಕ್ಕೆ ಹೋಲಿಸಿದ ಅನುಪಾತ 80ರಿಂದ 125 ಶೇಕಡದೊಳಗೆ ಇರಬೇಕು. "ಹಾಗಾದರೆ ಜೆನೆರಿಕ್‌ನಲ್ಲಿ 20 ಶೇಕಡ ಔಷಧ ಕಡಿಮೆ" ಎಂಬ ಫಾರ್ವರ್ಡ್ ನಿಮಗೂ ಬಂದಿರಬಹುದು. ಅದು ತಪ್ಪು. ಸರಾಸರಿ ಮಾತ್ರವಲ್ಲ, ಲೆಕ್ಕದಲ್ಲಿ ಆಗಬಹುದಾದ ಏರುಪೇರೂ ಸೇರಿ ಆ ಗಡಿಯೊಳಗೆ ಕೂರಬೇಕು. ಅಮೆರಿಕದ ಎಫ್‌ಡಿಎ 1996ರಿಂದ 2007ರವರೆಗಿನ 2,070 ಇಂಥ ಪರೀಕ್ಷೆಗಳನ್ನು ಒಟ್ಟಿಗೆ ನೋಡಿದಾಗ, ರಕ್ತಕ್ಕೆ ಸೇರುವ ಪ್ರಮಾಣದ ಸರಾಸರಿ ವ್ಯತ್ಯಾಸ ಸುಮಾರು 3.5 ಶೇಕಡ ಮಾತ್ರ ಇತ್ತು.

ಹೃದಯದ ಔಷಧಗಳ ಬಗ್ಗೆಯೇ 2008ರಲ್ಲಿ ಜಾಮಾ ಪತ್ರಿಕೆಯಲ್ಲಿ ದೊಡ್ಡ ಪರಿಶೀಲನೆ ಬಂತು. ಬೀಟಾ ಬ್ಲಾಕರ್‌ಗಳ 7 ಪ್ರಯೋಗಗಳಲ್ಲಿ 7ರಲ್ಲೂ, ನೀರಿನ ಮಾತ್ರೆಗಳ 11ರಲ್ಲಿ 10ರಲ್ಲೂ, ವಾರ್ಫರಿನ್‌ನ 5ರಲ್ಲಿ 5ರಲ್ಲೂ ಜೆನೆರಿಕ್ ಸಮಾನವೆಂದು ಕಂಡಿತು. ತಮಾಷೆ ಎಂದರೆ, ಅದೇ ಅವಧಿಯ 43 ಸಂಪಾದಕೀಯಗಳಲ್ಲಿ 23 ಜೆನೆರಿಕ್ ಬದಲಾವಣೆಗೆ ವಿರುದ್ಧವಾಗಿದ್ದವು. ನಮ್ಮ ವೈದ್ಯರ ಕುಲಕ್ಕೂ ಅಪ್ಪನ ಅನುಮಾನವೇ!

ಆದರೆ ಭಾರತದ ಕಥೆ ಸ್ವಲ್ಪ ಬೇರೆ. ಇಲ್ಲಿ ಬಹಳ ಕಾಲ, ಔಷಧ ಹಳೆಯದಾದ ಮೇಲೆ ಈ ರಕ್ತ ಪರೀಕ್ಷೆಯ ದಾಖಲೆ ಇಲ್ಲದೆಯೇ ರಾಜ್ಯಗಳು ಲೈಸೆನ್ಸ್ ಕೊಡಬಹುದಿತ್ತು. 2017ರ ಏಪ್ರಿಲ್‌ನಲ್ಲಿ ನಿಯಮ ಬದಲಾಗಿ, ಸುಲಭವಾಗಿ ಕರಗದ ಔಷಧಗಳಿಗೆ ಹೊಸ ಲೈಸೆನ್ಸ್ ಕೇಳುವವರು ಪರೀಕ್ಷೆ ಮಾಡಿಸಬೇಕಾಯಿತು. ಟೆಲ್ಮಿಸಾರ್ಟನ್, ಅಟೊರ್ವಾಸ್ಟಾಟಿನ್ ಇಂಥವೇ. ಅದಕ್ಕೂ ಮೊದಲು ಲೈಸೆನ್ಸ್ ಪಡೆದ ದುಬಾರಿ ಬ್ರಾಂಡಿಗೂ ಈ ದಾಖಲೆ ಇಲ್ಲದಿರಬಹುದು. ಬೆಲೆ ಗುಣಕ್ಕೆ ಗ್ಯಾರಂಟಿ ಅಲ್ಲ. ಜನೌಷಧಿಯಲ್ಲಿ ಪ್ರತಿ ಬ್ಯಾಚನ್ನೂ ಮಾನ್ಯತೆ ಪಡೆದ ಲ್ಯಾಬ್‌ನಲ್ಲಿ ಪರೀಕ್ಷಿಸುವ ವ್ಯವಸ್ಥೆ ಇದೆ. ಬಿಪಿ, ಕೊಲೆಸ್ಟ್ರಾಲ್ ಮಾತ್ರೆಗಳಿಗೆ ನಾನು ಧಾರಾಳವಾಗಿ "ತಗೊಳ್ಳಿ" ಎನ್ನುತ್ತೇನೆ. ತಿಂಗಳ ಕೊನೆಗೆ ದುಡ್ಡಿಲ್ಲದೆ ಮಾತ್ರೆ ಬಿಡುವುದಕ್ಕಿಂತ ಅದು ಎಷ್ಟೋ ಮೇಲು.

ನಾನು ಹುಷಾರಾಗಿರುವ ಕಡೆಗಳೂ ಇವೆ. ವಾಲ್ವ್ ಹಾಕಿಸಿಕೊಂಡವರ ವಾರ್ಫರಿನ್ ಅಥವಾ ಅಸಿಟ್ರಾಮ್, ಮತ್ತೆ ಡಿಗಾಕ್ಸಿನ್. ಇವುಗಳಲ್ಲಿ ಸಾಕಾಗುವ ಪ್ರಮಾಣಕ್ಕೂ ಹೆಚ್ಚಾಗುವ ಪ್ರಮಾಣಕ್ಕೂ ಅಂತರ ಕೂದಲೆಳೆಯಷ್ಟು. ಒಂದೇ ತಯಾರಿಕೆಗೆ ಅಂಟಿಕೊಳ್ಳಿ. ಬದಲಿಸಲೇಬೇಕಾದರೆ ಡಾಕ್ಟರಿಗೆ ತಿಳಿಸಿ, ವಾರದೊಳಗೆ ಐಎನ್‌ಆರ್ ಮಾಡಿಸಿ. ಹೆಸರಿನ ಕೊನೆಗೆ ಎಕ್ಸ್‌ಎಲ್, ಎಸ್‌ಆರ್ ಎಂದಿರುವ, ನಿಧಾನವಾಗಿ ಕರಗುವ ಮಾತ್ರೆಗಳಿಗೂ ಇದೇ ಎಚ್ಚರ ಇರಲಿ. 2012ರಲ್ಲಿ ಅಮೆರಿಕದಲ್ಲಿ ಬುಪ್ರೋಪಿಯಾನ್ ಎಂಬ ಖಿನ್ನತೆಯ ಔಷಧದ ಒಂದು ಎಕ್ಸ್‌ಎಲ್ ಜೆನೆರಿಕ್ ಮೂಲಕ್ಕೆ ಸಮಾನವಲ್ಲವೆಂದು ಮರುಪರೀಕ್ಷೆಯಲ್ಲಿ ಗೊತ್ತಾಗಿ ಮಾರುಕಟ್ಟೆಯಿಂದ ಹೋಯಿತು. ಮೊದಲು ದೂರು ಕೊಟ್ಟವರು ರೋಗಿಗಳೇ.

ಬದಲಿಸಿದ ಮೇಲೆ ಮನೆಯಲ್ಲೇ ನೋಡಿಕೊಳ್ಳಿ. ಎರಡು ವಾರ ದಿನಾ ಒಂದೇ ಹೊತ್ತಿಗೆ ಬಿಪಿ, ನಾಡಿ ಬರೆದಿಡಿ. ಕೊಲೆಸ್ಟ್ರಾಲ್ ಮಾತ್ರೆಯಾದರೆ ಆರರಿಂದ ಎಂಟು ವಾರಕ್ಕೆ ರಕ್ತ ಪರೀಕ್ಷೆ. ಅಂದ ಹಾಗೆ, ಟೆಲ್ಮಿಸಾರ್ಟನ್ ತೇವ ಹೀರುತ್ತದೆ. ಅದನ್ನು ಸ್ಟ್ರಿಪ್‌ನಿಂದ ಬಿಡಿಸಿ ಡಬ್ಬಿಯಲ್ಲಿ ತುಂಬಿಡಬೇಡಿ, ಮುಂಬೈ-ಚೆನ್ನೈ ಹವೆಯಲ್ಲಂತೂ ಬೇಡವೇ ಬೇಡ.

ವಲಸೆ ಕುಟುಂಬಗಳಲ್ಲಿ ನನಗೆ ನಿಜವಾಗಿ ಭಯ ಹುಟ್ಟಿಸುವುದು ಬೇರೆ. ಊರಿನ ಸ್ಟ್ರಿಪ್ಪಿನ ಹೆಸರು ಒಂದು, ಇಲ್ಲಿಯದು ಇನ್ನೊಂದು, ಒಳಗಿರುವುದು ಎರಡರಲ್ಲೂ ಮೆಟೊಪ್ರೊಲಾಲ್. ಅಜ್ಜಿ ಎರಡನ್ನೂ ನುಂಗುತ್ತಾರೆ, ನಾಡಿ 40ಕ್ಕೆ ಇಳಿದು ತಲೆ ಸುತ್ತಿ ಬೀಳುತ್ತಾರೆ. ಇದಕ್ಕೆ ವಿರುದ್ಧದ್ದೂ ಉಂಟು. "ನಮ್ಮ ಕಂಪನಿ ಸಿಗಲಿಲ್ಲ" ಎಂದು ಸ್ಟೆಂಟ್ ಹಾಕಿಸಿಕೊಂಡವರು ಕ್ಲೋಪಿಡೋಗ್ರೆಲ್ ಬಿಟ್ಟುಬಿಡುತ್ತಾರೆ. ಸ್ಟೆಂಟ್‌ನಲ್ಲಿ ರಕ್ತ ಹೆಪ್ಪುಗಟ್ಟಿದರೆ ಮತ್ತೆ ಅಟ್ಯಾಕ್, ಜೀವಕ್ಕೇ ಅಪಾಯ. ಬೇರೆ ಕಂಪನಿಯದಾದರೂ ಸರಿ, ಆ ಮಾತ್ರೆ ಒಂದು ದಿನವೂ ತಪ್ಪಬಾರದು.

ಆದ್ದರಿಂದ ಇವತ್ತು ರಾತ್ರಿ ಅಪ್ಪ-ಅಮ್ಮನ ಎಲ್ಲ ಸ್ಟ್ರಿಪ್‌ಗಳನ್ನೂ ಮೇಜಿನ ಮೇಲೆ ಹರಡಿ, ಬ್ರಾಂಡ್ ಹೆಸರಿನ ಜೊತೆಗಿರುವ ಔಷಧದ ಮೂಲ ಹೆಸರು, ಮಿಲಿಗ್ರಾಂ, ಹೊತ್ತು ಕನ್ನಡದಲ್ಲಿ ಒಂದು ಹಾಳೆಯಲ್ಲಿ ಬರೆಯಿರಿ. ಫೋಟೋ ತೆಗೆದು ಮನೆಯವರ ಗ್ರೂಪಿಗೆ ಹಾಕಿ. ಒಂದೇ ಮೂಲ ಹೆಸರು ಎರಡು ಸಲ ಕಂಡರೆ ಮುಂದಿನ ಡೋಸ್‌ಗೆ ಮೊದಲೇ ಡಾಕ್ಟರಿಗೆ ಫೋನ್ ಮಾಡಿ. ಮಾತ್ರೆಯಿಂದ ತೊಂದರೆಯಾಯಿತೆಂದು ಅನಿಸಿದರೆ ಸ್ಟ್ರಿಪ್ ಬಿಸಾಡದೆ, ಬ್ಯಾಚ್ ನಂಬರ್ ಸಮೇತ ಸರ್ಕಾರದ ಉಚಿತ ಸಹಾಯವಾಣಿ 1800-180-3024ಕ್ಕೆ ತಿಳಿಸಬಹುದು.