ಹಳೆಯ ಜೀಪಿನ ಎಣ್ಣೆಗೋಲು

ಸೀಮೆಎಣ್ಣೆಯ ಡಬ್ಬದಲ್ಲಿ ಎಣ್ಣೆ ಎಷ್ಟು ಉಳಿದಿದೆಯೆಂದು ತಿಳಿಯಲು ಅಂಗಡಿಯವರು ಒಂದು ಕಡ್ಡಿಯನ್ನು ತಳ ಮುಟ್ಟುವವರೆಗೆ ಇಳಿಸಿ ಮೇಲಕ್ಕೆತ್ತಿ ನೋಡುತ್ತಿದ್ದರು. ಕಡ್ಡಿಯ ಮೇಲೆ ಒದ್ದೆಯಾದ ಭಾಗವೇ ಎಣ್ಣೆಯ ಆಳ. ಮೋಟಾರು ವಾಹನದ ಎಂಜಿನಿನಲ್ಲಿ ಕೀಲೆಣ್ಣೆಯನ್ನು ಅಳೆಯಲು ಇರುವ ಕೋಲೂ ಮೇಲುನೋಟಕ್ಕೆ ಇಂಥದೇ. ಮೆಕ್ಯಾನಿಕರು ಇದನ್ನು ಡಿಪ್‌ಸ್ಟಿಕ್ ಎಂದು ಕರೆಯುತ್ತಾರೆ. ನಾವು ಎಣ್ಣೆಗೋಲು ಎನ್ನೋಣ. ಆದರೆ ಇವೆರಡಕ್ಕೂ ಒಂದು ಮುಖ್ಯ ವ್ಯತ್ಯಾಸವುಂಟು. ಅಂಗಡಿಯವರ ಕಡ್ಡಿ ತಳವನ್ನು ಮುಟ್ಟುತ್ತದೆ. ಎಣ್ಣೆಗೋಲು ತಳವನ್ನು ಮುಟ್ಟುವುದಿಲ್ಲ. ಅದು ಮೇಲಿನಿಂದ ತೂಗುಬಿದ್ದಿರುತ್ತದೆ. ಈ ಸಣ್ಣ ವ್ಯತ್ಯಾಸವನ್ನು ಮರೆತರೆ ಒಂದು ಒಳ್ಳೆಯ ಎಂಜಿನು ಹಾಳಾಗಬಹುದು.

ನನ್ನ ಪರಿಚಿತರೊಬ್ಬರಿಗೆ ಹೀಗೆಯೇ ಆಯಿತು. ಅವರು ಮಲೆನಾಡಿನಲ್ಲಿ ಒಂದು ಹಳೆಯ ಜೀಪನ್ನು ಕೊಂಡು, ಬಹಳ ಶ್ರಮದಿಂದ ದುರಸ್ತಿ ಮಾಡಿಸಿದರು. ಅದರ ಎಣ್ಣೆಗೋಲು ಕಳೆದುಹೋಗಿತ್ತು. ಗುಜರಿಯಲ್ಲಿ ದೊರೆತ ಮತ್ತೊಂದು ಜೀಪಿನ ಕೋಲು ಕೊಳವೆಯಲ್ಲಿ ಸಲೀಸಾಗಿ ಕುಳಿತದ್ದರಿಂದ ಅದನ್ನೇ ಬಳಸಿದರು. ಕೋಲು ಪ್ರತಿದಿನವೂ ಎಣ್ಣೆ ಸಾಕಷ್ಟಿದೆಯೆಂದೇ ಸಾರುತ್ತಿತ್ತು. ಕೆಲವು ವಾರಗಳ ಅನಂತರ ಒಂದು ಕಡಿದಾದ ಏರಿನಲ್ಲಿ ಎಣ್ಣೆಯ ಒತ್ತಡವನ್ನು ತೋರಿಸುವ ಮುಳ್ಳು ಕೆಳಗಿಳಿಯಿತು. ಎಂಜಿನಿನೊಳಗಿಂದ ಬಡಿತದ ಸದ್ದು ಕೇಳಿತು. ಬಿಚ್ಚಿ ನೋಡಿದಾಗ ಒಂದು ಬೇರಿಂಗಿನ ಮಿಶ್ರಲೋಹ ಕರಗಿತ್ತು. ಕೋಲು ಇರಬೇಕಾದುದಕ್ಕಿಂತ ಒಂದು ಅಂಗುಲ ಉದ್ದವಾಗಿತ್ತೆಂಬುದು ಆಮೇಲೆ ತಿಳಿಯಿತು. ಒಂದೇ ಅಂಗುಲದಿಂದ ಇಷ್ಟು ಅನರ್ಥ ಹೇಗಾಯಿತು?

ಮೊದಲು ಎಂಜಿನಿನ ಪರಿಚಯ ಮಾಡಿಕೊಳ್ಳೋಣ. ಎರಡನೆಯ ಮಹಾಯುದ್ಧದ ಕಾಲದಲ್ಲಿ, 1941ರಿಂದ 1945ರವರೆಗೆ, ಅಮೆರಿಕದ ವಿಲ್ಲಿಸ್ ಮತ್ತು ಫೋರ್ಡ್ ಸಂಸ್ಥೆಗಳು ಸೈನ್ಯಕ್ಕಾಗಿ ಆರು ಲಕ್ಷಕ್ಕೂ ಹೆಚ್ಚು ಜೀಪುಗಳನ್ನು ತಯಾರಿಸಿದವು. ಅವುಗಳಲ್ಲಿದ್ದುದು ‘ಗೋ ಡೆವಿಲ್’ ಎಂದು ಹೆಸರಾದ ನಾಲ್ಕು ಸಿಲಿಂಡರುಗಳ ಎಂಜಿನು. ಅದರ ಗಾತ್ರ ಸುಮಾರು 2.2 ಲೀಟರು, ಸಾಮರ್ಥ್ಯ 60 ಅಶ್ವಶಕ್ತಿ. ಇದರಲ್ಲಿ ಕವಾಟಗಳೆಲ್ಲ ಸಿಲಿಂಡರಿನ ಪಕ್ಕದಲ್ಲಿಯೇ ಇರುತ್ತವೆ. 1950ರಲ್ಲಿ ಬಂದ ‘ಹರಿಕೇನ್’ ಎಂಜಿನಿನಲ್ಲಿ ಒಳಸೇರುವ ಕವಾಟಗಳನ್ನು ಸಿಲಿಂಡರಿನ ಮೇಲಕ್ಕೆ ಒಯ್ದರು. ಇದರಿಂದ ಎಂಜಿನಿನ ಎತ್ತರ ಹೆಚ್ಚಿತು. ಸ್ವಾತಂತ್ರ್ಯಾನಂತರ ಮುಂಬಯಿಯ ಮಹೀಂದ್ರ ಸಂಸ್ಥೆ ವಿಲ್ಲಿಸ್ ಜೀಪುಗಳನ್ನು ನಮ್ಮ ದೇಶದಲ್ಲಿಯೇ ಜೋಡಿಸತೊಡಗಿತು. ಕೊಡಗು, ಚಿಕ್ಕಮಗಳೂರುಗಳ ಕಾಫಿ ತೋಟಗಳ ದಾರಿಗಳಲ್ಲಿ ದುಡಿದ ಹಳೆಯ ಜೀಪುಗಳು ಈ ವಂಶದವೇ.

ಎಂಜಿನಿಗೆ ಎಣ್ಣೆ ಏತಕ್ಕೆ ಬೇಕು? ಜಾರಲಿ ಎಂದು, ಎಂದು ಎಲ್ಲರೂ ಹೇಳುತ್ತಾರೆ. ಉತ್ತರ ಸರಿಯೇ, ಆದರೆ ಅಪೂರ್ಣ. 1883ರಲ್ಲಿ ಇಂಗ್ಲೆಂಡಿನ ಬೋಷಾಂ ಟವರ್ ಎಂಬ ಎಂಜಿನಿಯರು ಬೇರಿಂಗುಗಳ ಘರ್ಷಣೆಯನ್ನು ಪರೀಕ್ಷಿಸುತ್ತಿದ್ದರು. ಎಣ್ಣೆ ಹಾಕಲೆಂದು ಬೇರಿಂಗಿನ ಮೇಲ್ಭಾಗದಲ್ಲಿ ಕೊರೆದ ರಂಧ್ರದಿಂದ, ದಂಡ ತಿರುಗತೊಡಗಿದೊಡನೆ ಎಣ್ಣೆ ಹೊರಕ್ಕೆ ಉಕ್ಕಿತು. ಮರದ ಬೆಣೆಯನ್ನು ಬಡಿದು ಮುಚ್ಚಿದರೆ ಬೆಣೆಯೇ ಮೇಲಕ್ಕೆ ತಳ್ಳಲ್ಪಟ್ಟಿತು! ತಿರುಗುವ ದಂಡವು ತನ್ನ ಮೈಗೆ ಅಂಟಿದ ಎಣ್ಣೆಯನ್ನು ಕಿರಿದಾದ ಸಂದಿಗೆ ಎಳೆದೊಯ್ಯುವುದರಿಂದ ಅಲ್ಲಿ ಒತ್ತಡ ಹುಟ್ಟುತ್ತದೆ. ಆ ಒತ್ತಡವೇ ದಂಡವನ್ನು ಎತ್ತಿ ಹಿಡಿಯುತ್ತದೆ. ಇದರ ಗಣಿತವನ್ನು 1886ರಲ್ಲಿ ಆಸ್ಬರ್ನ್ ರೆನಾಲ್ಡ್ಸ್ ಬಿಡಿಸಿದರು. ಹೀಗೆ ಓಡುತ್ತಿರುವ ಎಂಜಿನಿನ ಬೇರಿಂಗುಗಳಲ್ಲಿ ಲೋಹವು ಲೋಹವನ್ನು ಬಹುಮಟ್ಟಿಗೆ ಮುಟ್ಟುವುದಿಲ್ಲ. ನಡುವೆ ಕೂದಲಿಗಿಂತ ತೆಳುವಾದ ಎಣ್ಣೆಯ ಪೊರೆಯಿದೆ. ಅದು ಸದಾ ಇರಬೇಕಾದರೆ ಪಂಪು ಎಡೆಬಿಡದೆ ಎಣ್ಣೆಯನ್ನು ಒದಗಿಸಬೇಕು. ಪಂಪು ಎಣ್ಣೆಯನ್ನು ಹೀರುವುದು ಎಂಜಿನಿನ ಅಡಿಯಲ್ಲಿರುವ ತೊಟ್ಟಿಯಿಂದ. ಮಟ್ಟ ತೀರ ತಗ್ಗಿದರೆ, ವಿಶೇಷವಾಗಿ ಏರಿನಲ್ಲಿ ಎಣ್ಣೆ ಒಂದು ಪಕ್ಕಕ್ಕೆ ಸರಿದಾಗ, ಪಂಪು ಗಾಳಿಯನ್ನು ಹೀರುತ್ತದೆ. ಪೊರೆ ಹರಿಯುತ್ತದೆ, ಲೋಹ ಲೋಹವನ್ನು ಉಜ್ಜುತ್ತದೆ, ಬೇರಿಂಗು ಕಾಯ್ದು ಕರಗುತ್ತದೆ.

ಹಾಗಾದರೆ ಧಾರಾಳವಾಗಿ ಎಣ್ಣೆ ಸುರಿದರೆ ಕ್ಷೇಮವಲ್ಲವೆ? ಅದೂ ಅಲ್ಲ. ಈ ಎಂಜಿನಿನಲ್ಲಿ ಪಿಸ್ಟನ್ನಿನ ಹೊಡೆತದ ಉದ್ದ ಸುಮಾರು 111 ಮಿಲಿಮೀಟರು. ಆದ್ದರಿಂದ ಕ್ರ್ಯಾಂಕಿನ ಪಿನ್ನು ಸುತ್ತುವ ವೃತ್ತದ ತ್ರಿಜ್ಯ ಅದರ ಅರ್ಧ, ಅಂದರೆ 55.5 ಮಿಲಿಮೀಟರು. ನಿಮಿಷಕ್ಕೆ 2000 ಸುತ್ತುಗಳಾದರೆ ಪಿನ್ನಿನ ವೇಗ ಸೆಕೆಂಡಿಗೆ ಸುಮಾರು 11.6 ಮೀಟರು, ಗಂಟೆಗೆ 42 ಕಿಲೋಮೀಟರು. ಎಣ್ಣೆಯ ಮಟ್ಟ ಈ ವೃತ್ತದವರೆಗೆ ಏರಿದರೆ ಕ್ರ್ಯಾಂಕು ಕಡೆಗೋಲಿನಂತೆ ಎಣ್ಣೆಯನ್ನು ಕಡೆದು ನೊರೆಯೆಬ್ಬಿಸುತ್ತದೆ. ದ್ರವವನ್ನು ಸಂಕೋಚಿಸುವುದು ಕಷ್ಟ, ಗಾಳಿಯ ಗುಳ್ಳೆಯನ್ನು ಸಂಕೋಚಿಸುವುದು ಸುಲಭ. ಆದ್ದರಿಂದ ನೊರೆಯು ಹೊರೆಯನ್ನು ಹೊರಲಾರದು. ಗೋ ಡೆವಿಲ್ ಎಂಜಿನಿನಲ್ಲಿ ಎಣ್ಣೆ ಹೀರುವ ಬಾಯಿ ತೇಲುವಂಥದು. ತಳದಲ್ಲಿ ನಿಂತ ಕೆಸರು ಒಳಸೇರದಿರಲೆಂದು ಮಾಡಿದ ಜಾಣ ಏರ್ಪಾಡು ಅದು. ಆದರೆ ಎಣ್ಣೆ ನೊರೆಗಟ್ಟಿದರೆ ನೊರೆಯೇ ಪಂಪಿಗೆ ಸೇರುವ ಅಪಾಯವುಂಟು. ಇದಲ್ಲದೆ ಹೆಚ್ಚಾಗಿ ಸಿಡಿದ ಎಣ್ಣೆ ಸಿಲಿಂಡರಿನೊಳಗೆ ಉರಿದು ನೀಲಿ ಹೊಗೆಯಾಗುತ್ತದೆ. ಒಟ್ಟಿನಲ್ಲಿ ಎಣ್ಣೆ ಕಡಮೆಯೂ ಆಗಬಾರದು, ಹೆಚ್ಚೂ ಆಗಬಾರದು. ಆದ್ದರಿಂದಲೇ ಕೋಲಿನ ಮೇಲೆ ಎರಡು ಗುರುತುಗಳು: ಮೇಲಿನದು ‘ತುಂಬಿದೆ’, ಕೆಳಗಿನದು ‘ಎಣ್ಣೆ ಹಾಕಿ’.

ಈಗ ಕೋಲಿನ ವಿಚಾರಕ್ಕೆ ಬರೋಣ. ಈ ಜೀಪುಗಳಲ್ಲಿ ಎಣ್ಣೆಗೋಲು ಬಿಡಿಯಾದ ವಸ್ತುವಲ್ಲ. ಎಣ್ಣೆ ಸುರಿಯುವ ಕೊಳವೆಯ ಮುಚ್ಚಳಕ್ಕೆ ಅದನ್ನು ಜೋಡಿಸಿರುತ್ತಾರೆ. ಮುಚ್ಚಳವು ಕೊಳವೆಯ ಬಾಯಿಯ ಮೇಲೆ ಕೂಡುವ ಸ್ಥಳವೇ ಅಳತೆಯ ಮೂಲಬಿಂದು. ಆದ್ದರಿಂದ ಗುರುತು ಎಲ್ಲಿ ನಿಲ್ಲುವುದೆಂಬುದು ಕೋಲಿನ ಉದ್ದ, ಕೊಳವೆಯ ಎತ್ತರ, ಮುಚ್ಚಳದ ಆಕಾರ ಈ ಮೂರನ್ನೂ ಅವಲಂಬಿಸಿದೆ. ಇವುಗಳಲ್ಲಿ ಒಂದನ್ನು ಬದಲಾಯಿಸಿದರೂ ಅಳತೆ ಸುಳ್ಳಾಗುತ್ತದೆ. ಕೋಲು ಉದ್ದವಾದರೆ ಗುರುತು ಕೆಳಗಿಳಿಯುತ್ತದೆ. ಎಣ್ಣೆ ಕಡಮೆಯಿದ್ದರೂ ‘ತುಂಬಿದೆ’ ಎನ್ನುತ್ತದೆ. ಕೋಲು ಗಿಡ್ಡವಾದರೆ ಗುರುತು ಮೇಲೇರುತ್ತದೆ. ನಾವು ಬೇಡದಷ್ಟು ಎಣ್ಣೆ ಸುರಿಯುತ್ತೇವೆ.

ಒಂದು ಅಂಗುಲದ ಬೆಲೆಯನ್ನು ಲೆಕ್ಕಹಾಕಿ ನೋಡಬಹುದು. ತೊಟ್ಟಿಯಲ್ಲಿ ಎಣ್ಣೆಯ ಮೇಲ್ಮೈ 500 ಚದರ ಸೆಂಟಿಮೀಟರು ಎಂದೂ, ಕೋಲು ಲಂಬಕ್ಕೆ 30 ಡಿಗ್ರಿ ಓರೆಯಾಗಿದೆಯೆಂದೂ ಭಾವಿಸೋಣ. ಕೋಲಿನುದ್ದಕ್ಕೆ 2.54 ಸೆಂಟಿಮೀಟರು ಎಂದರೆ ಲಂಬವಾಗಿ 2.2 ಸೆಂಟಿಮೀಟರು; ಅಷ್ಟು ದಪ್ಪದ ಪದರದಲ್ಲಿ 1.1 ಲೀಟರು ಎಣ್ಣೆಯಿರುತ್ತದೆ. ಈ ಎಂಜಿನಿನ ತೊಟ್ಟಿ ಹಿಡಿಯುವುದು 4 ಅಮೆರಿಕನ್ ಕ್ವಾರ್ಟು, ಎಂದರೆ ಸುಮಾರು 3.8 ಲೀಟರು. ಎರಡು ಗುರುತುಗಳ ನಡುವಿನ ಅಂತರ ಒಂದು ಕ್ವಾರ್ಟು, ಅಂದರೆ 0.95 ಲೀಟರು ಎಂದಿಟ್ಟುಕೊಳ್ಳೋಣ. ಎಣ್ಣೆ ಕೆಳಗಿನ ಗುರುತಿಗೆ ಬಂದಾಗ ಸರಿಯಾದ ಕೋಲಿನಲ್ಲಾದರೆ 2.85 ಲೀಟರು ಉಳಿದಿರುತ್ತದೆ. ಅಂಗುಲ ಉದ್ದವಾದ ಕೋಲಿನಲ್ಲಿ ಉಳಿಯುವುದು 1.75 ಲೀಟರು ಮಾತ್ರ, ಅರ್ಧಕ್ಕಿಂತಲೂ ಕಡಮೆ! ನಮ್ಮ ಪರಿಚಿತರ ಜೀಪಿಗೆ ಏರಿನಲ್ಲಿ ಒದಗಿದ ಗತಿ ಇದರಿಂದ ಅರ್ಥವಾಗುತ್ತದೆ.

ಇಲ್ಲಿ ಕ್ವಾರ್ಟಿನ ಬಗ್ಗೆಯೂ ಎಚ್ಚರ ಬೇಕು. ಬ್ರಿಟಿಷ್ ಕ್ವಾರ್ಟು 1.137 ಲೀಟರು, ಅಮೆರಿಕನ್ ಕ್ವಾರ್ಟು 0.946 ಲೀಟರು. ಅಮೆರಿಕದ ಕೈಪಿಡಿಯನ್ನು ಓದಿ ಬ್ರಿಟಿಷ್ ಅಳತೆಯಲ್ಲಿ ಸುರಿದರೆ ಮುಕ್ಕಾಲು ಲೀಟರಿಗೂ ಹೆಚ್ಚು ಎಣ್ಣೆ ಅಧಿಕವಾಗುತ್ತದೆ.

ಸರಿಯಾದ ಕೋಲನ್ನು ಹುಡುಕುವ ಮೊದಲ ಹೆಜ್ಜೆ ಎಂಜಿನನ್ನು ಗುರುತಿಸುವುದು. ತಲೆ ಚಪ್ಪಟೆಯಾಗಿದ್ದರೆ ಗೋ ಡೆವಿಲ್; ಮೇಲೆ ಕವಾಟಗಳ ಮುಚ್ಚಳವಿದ್ದರೆ ಹರಿಕೇನ್. ಎಂಜಿನಿನ ಮುಂಭಾಗದಲ್ಲಿ, ನೀರಿನ ಪಂಪಿನ ಬಳಿ ಒತ್ತಿದ ಕ್ರಮಾಂಕವೂ ಸಹಾಯಕ. ಆದರೆ ಹಲವು ದಶಕಗಳಲ್ಲಿ ಹಲವು ಕೈಗಳನ್ನು ದಾಟಿಬಂದ ವಾಹನದಲ್ಲಿ ಕೊಳವೆ ಒಂದರದು, ತೊಟ್ಟಿ ಮತ್ತೊಂದರದು ಆಗಿರುವುದು ಅಪರೂಪವಲ್ಲ. ಆದಕಾರಣ ಪಟ್ಟಿಯಲ್ಲಿರುವ ಸಂಖ್ಯೆಯನ್ನು ನೋಡಿ ತಂದ ಕೋಲನ್ನೂ ಪರೀಕ್ಷಿಸದೆ ನಂಬಬಾರದು.

ಪರೀಕ್ಷೆ ಸುಲಭ. ಎಂಜಿನು ಬೆಚ್ಚಗಿರುವಾಗ ಹಳೆಯ ಎಣ್ಣೆಯನ್ನು ಪೂರ್ತಿಯಾಗಿ ಬಸಿಯಿರಿ. ಶೋಧಕವಿದ್ದರೆ ಅದನ್ನು ಬದಲಿಸಿರಿ. ಬಳಿಕ ತೊಟ್ಟಿಗೂ ಶೋಧಕಕ್ಕೂ ಬೇಕೆಂದು ಕೈಪಿಡಿ ಹೇಳುವ ಒಟ್ಟು ಎಣ್ಣೆಯಲ್ಲಿ ಒಂದು ಅಮೆರಿಕನ್ ಕ್ವಾರ್ಟನ್ನು ಉಳಿಸಿಕೊಂಡು ಮಿಕ್ಕುದನ್ನು ಅಳೆದು ಸುರಿಯಿರಿ. ಎಂಜಿನನ್ನು ಕೆಲವು ನಿಮಿಷ ಮೆಲ್ಲನೆ ಓಡಿಸಿ ನಿಲ್ಲಿಸಿರಿ. ಇದರಿಂದ ಶೋಧಕವೂ ಎಣ್ಣೆಯ ದಾರಿಗಳೂ ತುಂಬುತ್ತವೆ. ಸಮತಟ್ಟಾದ ನೆಲದ ಮೇಲೆ ಹತ್ತು ನಿಮಿಷ ಕಾದು, ಕೋಲನ್ನು ಒರಸಿ, ಮುಚ್ಚಳ ಪೂರ್ತಿಯಾಗಿ ಕೂಡುವಂತೆ ಇಳಿಸಿ ತೆಗೆಯಿರಿ. ಒದ್ದೆಯ ಅಂಚೇ ಕೆಳಗಿನ ಗುರುತು. ಉಳಿಸಿದ ಕ್ವಾರ್ಟನ್ನೂ ಸುರಿದು, ಮತ್ತೆ ಕಾದು ನೋಡಿದರೆ ಮೇಲಿನ ಗುರುತು ದೊರೆಯುತ್ತದೆ. ಕೋಲಿನಲ್ಲಿ ಮೊದಲೇ ಇರುವ ಗೆರೆಗಳು ಇವುಗಳೊಡನೆ ಹೊಂದಿದರೆ ಕೋಲು ಸರಿ. ಹೊಂದದಿದ್ದರೆ ಹಳೆಯ ಗೆರೆಗಳನ್ನು ಅಳಿಸಿ, ಅರದಿಂದ ಹಗುರವಾಗಿ ಹೊಸ ಗೆರೆಗಳನ್ನು ಎಳೆಯಿರಿ. ಆಳವಾಗಿ ಕೊರೆದರೆ ಕೋಲು ಅಲ್ಲಿಯೇ ಮುರಿದೀತು. ಕೋಲಿನ ತುದಿ ತಳವನ್ನು ಮುಟ್ಟಿ ಮುಚ್ಚಳವನ್ನು ಕೂಡಗೊಡದಿದ್ದರೆ ಮೊದಲು ಅದನ್ನು ಕತ್ತರಿಸಬೇಕು.

ಈ ನಿಯಮಗಳಿಗೆಲ್ಲ ಕಾರಣಗಳುಂಟು. ಕಾಯುವುದೇಕೆ? ಎಣ್ಣೆ ಸ್ನಿಗ್ಧವಾದ ದ್ರವ; ಎಂಜಿನಿನ ಮೇಲ್ಭಾಗದಿಂದ ತೊಟ್ಟಿಗೆ ಇಳಿದು ಬರಲು ಅದಕ್ಕೆ ಸಮಯ ಬೇಕು. ಒರಸುವುದೇಕೆ? ಎಂಜಿನು ಓಡುವಾಗ ಸಿಡಿದ ಎಣ್ಣೆ ಕೋಲಿಗೆ ಅಂಟಿ ಮಟ್ಟವನ್ನು ಮರೆಮಾಡಿರುತ್ತದೆ. ನೆಲ ಸಮತಟ್ಟಾಗಿರಬೇಕೇಕೆ? ಕೋಲು ಇಳಿಯುವ ಸ್ಥಳ ತೊಟ್ಟಿಯ ನಡುವಿನಿಂದ 15 ಸೆಂಟಿಮೀಟರು ಮುಂದಿದ್ದರೆ, ನೆಲದ 3 ಡಿಗ್ರಿ ಇಳಿಜಾರಿನಿಂದಲೇ ಅಲ್ಲಿ ಮಟ್ಟ 0.8 ಸೆಂಟಿಮೀಟರಿನಷ್ಟು ಬದಲಾಗುತ್ತದೆ. ನಮ್ಮ ಲೆಕ್ಕದ ತೊಟ್ಟಿಯಲ್ಲಿ ಇದು 0.4 ಲೀಟರಿನ ತಪ್ಪು. ಪ್ರತಿಸಲವೂ ಒಂದೇ ಸ್ಥಿತಿಯಲ್ಲಿ ನೋಡಬೇಕೇಕೆ? ಒಂದು ಡಿಗ್ರಿ ಸೆಲ್ಸಿಯಸ್ ಏರಿದರೆ ಎಣ್ಣೆಯ ಗಾತ್ರ ಸುಮಾರು 0.0007 ಅಂಶದಷ್ಟು ಹಿಗ್ಗುತ್ತದೆ. 60 ಡಿಗ್ರಿ ಏರಿದರೆ 3.8 ಲೀಟರು ಎಣ್ಣೆ 0.16 ಲೀಟರಿನಷ್ಟು ಹೆಚ್ಚಾಗಿ ಕಾಣುತ್ತದೆ.

ಪ್ರಯೋಗಶಾಲೆಯಲ್ಲಿ ಸ್ಕ್ರೂಗೇಜನ್ನು ಕೈಗೆ ಕೊಟ್ಟೊಡನೆ ‘ಮೊದಲು ಶೂನ್ಯದೋಷವನ್ನು ನೋಡಿ’ ಎಂದು ಅಧ್ಯಾಪಕರು ಹೇಳುತ್ತಾರೆ. ಅದೊಂದು ಪರೀಕ್ಷೆಯ ಉಪಚಾರವೆಂದು ವಿದ್ಯಾರ್ಥಿಗಳು ಬಗೆಯುವುದುಂಟು. ಹೊಂದದ ಎಣ್ಣೆಗೋಲಿನಲ್ಲಿರುವುದು ಇದೇ ಶೂನ್ಯದೋಷ. ಗೆರೆಗಳ ನಡುವಿನ ಅಂತರ ಸರಿಯಾಗಿದ್ದರೂ ಮೂಲಬಿಂದು ಸರಿದುಹೋಗಿದ್ದರೆ ಕೋಲು ದಿನದಿನವೂ ಒಂದೇ ಸುಳ್ಳನ್ನು ಹೇಳುತ್ತದೆ; ನೂರು ಸಲ ಅಳೆದರೂ ಆ ಸುಳ್ಳು ಹೊರಬೀಳದು. ಗೊತ್ತಿರುವ ಒಂದು ಪರಿಮಾಣವನ್ನು ಸುರಿದು ನೋಡಿದಾಗಲೇ ಅದು ಬಯಲಾಗುವುದು. ನಮ್ಮ ಪರಿಚಿತರು ಈಗ ಹಾಗೆಯೇ ಮಾಡಿ ಹೊಸ ಗೆರೆಗಳನ್ನು ಎಳೆದುಕೊಂಡಿದ್ದಾರೆ. ಅವರ ಜೀಪು ಅದೇ ಏರನ್ನು ಹತ್ತುತ್ತಿದೆ.