ಮನೆಯ ಸ್ವಿಚ್ಚು, ತೋಟದ ಪಂಪು: ಕಾಫಿ ನೀರಾವರಿಯ ಹೊಸ ಲೆಕ್ಕ

ಮೂಡಿಗೆರೆ ಭಾಗದ ಕಾಫಿ ಬೆಳೆಗಾರರೊಬ್ಬರು ವರ್ಷಾಂತ್ಯದ ಲೆಕ್ಕಕ್ಕಾಗಿ ತಂದಿದ್ದ ಚೀಟಿಗಳ ಕಟ್ಟಿನಲ್ಲಿ ವೈ-ಫೈ ಸ್ವಿಚ್ಚುಗಳ ಬಿಲ್ಲೊಂದಿತ್ತು. ಮನೆಯ ದೀಪ, ಗೀಸರುಗಳನ್ನು ಮೊಬೈಲಿನಿಂದ ನಡೆಸಲೆಂದು ಮಾರುವ ಸಾಧನವದು. ಸ್ವಂತ ಖರ್ಚಿಗೆ ಬರೆಯೋಣವೇ ಎಂದು ಕೇಳಿದೆ. "ಬೇಡಿ ಸಾರ್, ಅದು ಕೆರೆ ಪಂಪಿಗೆ" ಎಂದರು. ಆ ಉತ್ತರದ ಹಿಂದಿರುವ ಲೆಕ್ಕವನ್ನು ನಮ್ಮ ಸದಸ್ಯ ಬಾಂಧವರ ಮುಂದಿಡುವುದು ಉಪಯುಕ್ತವೆನಿಸಿತು.

ರೊಬಸ್ಟಾ ಗಿಡದ ಮೊಗ್ಗು ಬೇಸಿಗೆಯ ಒಣಹವೆಯಲ್ಲಿ ಸುಪ್ತವಾಗಿದ್ದು, ನೀರು ಬಿದ್ದ ವಾರ ಹತ್ತು ದಿನಗಳಲ್ಲಿ ಅರಳುತ್ತದೆ. ಫೆಬ್ರವರಿ ಕೊನೆಯಿಂದ ಮಾರ್ಚ್‌ವರೆಗೆ ಹೂಮಳೆ ಬಾರದಿದ್ದರೆ ಸ್ಪ್ರಿಂಕ್ಲರ್‌ನಿಂದ ಒಂದರಿಂದ ಒಂದೂವರೆ ಅಂಗುಲದಷ್ಟು ನೀರು ಕೊಡಬೇಕು. ಎರಡು ಮೂರು ವಾರಗಳ ನಂತರ ಬ್ಯಾಕಿಂಗ್ ನೀರೂ ಬೇಕು. ನೀರು ಸಾಲದಿದ್ದರೆ ಮೊಗ್ಗು ಪೂರ್ತಿ ಅರಳದೆ ಕರಟುತ್ತದೆ. ರೊಬಸ್ಟಾ ತನ್ನದೇ ಪರಾಗದಿಂದ ಕಾಯಿ ಕಟ್ಟುವುದಿಲ್ಲವಾದ್ದರಿಂದ ತೋಟವು ಒಟ್ಟಾಗಿ ಹೂಬಿಡುವುದೂ ಮುಖ್ಯ. ವರ್ಷದ ಇಳುವರಿ ಈ ಕೆಲವೇ ದಿನಗಳಲ್ಲಿ ನಿರ್ಧಾರವಾಗಿಬಿಡುತ್ತದೆ.

ಒಂದು ಎಕರೆಗೆ ಒಂದು ಅಂಗುಲ ನೀರೆಂದರೆ ಸುಮಾರು 1.03 ಲಕ್ಷ ಲೀಟರ್. ಹತ್ತು ಎಕರೆಗೆ ಒಂದೂವರೆ ಅಂಗುಲವೆಂದರೆ 15.4 ಲಕ್ಷ ಲೀಟರ್. ಪಂಪು ಗಂಟೆಗೆ 20,000 ಲೀಟರ್ ಎತ್ತುತ್ತದೆಂದು ಹಿಡಿದರೆ ಅದು 77 ಗಂಟೆ ಓಡಬೇಕು. ದಿನಕ್ಕೆ ಏಳು ಗಂಟೆ ಮೂರು ಫೇಸ್ ವಿದ್ಯುತ್ ದೊರೆತರೆ 11 ದಿನ. ಅದರಲ್ಲಿ ನಿತ್ಯ ಒಂದು ಗಂಟೆ ವ್ಯರ್ಥವಾದರೆ ಸುಮಾರು 13 ದಿನ. ಈ ಎರಡು ದಿನಗಳ ಬೆಲೆಯನ್ನು ಯಾವ ಬೆಳೆಗಾರರೂ ತಮ್ಮ ಪುಸ್ತಕದಲ್ಲಿ ಬರೆದಿಡುವುದಿಲ್ಲ.

ಆ ಒಂದು ಗಂಟೆ ಹೋಗುವುದಾದರೂ ಎಲ್ಲಿ? ರಾತ್ರಿ ಎರಡು ಗಂಟೆಗೆ ವಿದ್ಯುತ್ ಬಂದಾಗ ಲೈನ್‌ಮನೆಯಿಂದ ಯಾರಾದರೂ ಎದ್ದು ಕೆರೆಯವರೆಗೆ ನಡೆದುಹೋಗಬೇಕು. 2022ರ ನವೆಂಬರ್‌ನಲ್ಲಿ ಮೂಡಿಗೆರೆ ತಾಲ್ಲೂಕಿನ ಕುಂದೂರು ಭಾಗದಲ್ಲಿ ಆನೆ ದಾಳಿಗೆ ಮಹಿಳೆಯೊಬ್ಬರು ಬಲಿಯಾದುದನ್ನು ಈ ಸೀಮೆಯವರು ಮರೆತಿಲ್ಲ. ಕತ್ತಲಲ್ಲಿ ಪಂಪ್‌ಹೌಸಿಗೆ ಹೋಗೆಂದು ಕೆಲಸದವನಿಗೆ ಹೇಳಲು ಮಾಲೀಕರಿಗೆ ಬಾಯಿ ಬರುವುದಿಲ್ಲ. ಸ್ವಿಚ್ಚು ಉಳಿಸುವ ಮೊದಲ ಖರ್ಚು ಕೂಲಿಯಲ್ಲ, ಈ ನಡಿಗೆ.

ಮೊಬೈಲಿನಿಂದ ಪಂಪು ನಡೆಸುವುದು ಹೊಸದೇನಲ್ಲ. ಪುಣೆಯ ಸಂತೋಷ್ ಓಸ್ತವಾಲ್ ಅವರ 'ನ್ಯಾನೊ ಗಣೇಶ್' 2009ರಲ್ಲೇ ನೋಕಿಯಾ ಸಂಸ್ಥೆಯ ಸ್ಪರ್ಧೆಯಲ್ಲಿ ಬಹುಮಾನ ಪಡೆದಿತ್ತು. ಬೆಂಗಳೂರಿನಿಂದ 'ಕಿಸಾನ್ ರಾಜ' ಬಂದಿತು. 2014ರಲ್ಲಿ ಇಎಸ್‌ಪಿ 8266 ಎಂಬ ಅಗ್ಗದ ವೈ-ಫೈ ಚಿಪ್ ಮಾರುಕಟ್ಟೆಗೆ ಬಂದ ಮೇಲೆ ಇಂತಹ ಸಾಧನಗಳ ಬೆಲೆ ಇಳಿಯಿತು. ಗಡಿಯಾರಕ್ಕೆ, ಮಳೆಮಾಪಕಕ್ಕೆ, ಕೆರೆಯ ಮಟ್ಟಕ್ಕೆ ಸ್ವಿಚ್ಚನ್ನು ಹೊಂದಿಸುವುದು ಸಾಮಾನ್ಯರಿಗೂ ಸಾಧ್ಯವಾಯಿತು.

ಆದರೆ ಮನೆಯ ಪೆಟ್ಟಿಗೆಯನ್ನು ಹಾಗೆಯೇ ತಂದು ಪಂಪಿಗೆ ಕಟ್ಟಲಾಗದು. ಅದರ ಸಾಮರ್ಥ್ಯ ಸಾಮಾನ್ಯವಾಗಿ ಸಿಂಗಲ್ ಫೇಸಿನಲ್ಲಿ 10ರಿಂದ 16 ಆಂಪಿಯರ್. ಹತ್ತು ಅಶ್ವಶಕ್ತಿಯ ಮೂರು ಫೇಸ್ ಮೋಟಾರು ಓಡುವಾಗಲೇ ಪ್ರತಿ ಫೇಸಿನಲ್ಲಿ 14 ಆಂಪಿಯರ್ ಆಸುಪಾಸು ಎಳೆಯುತ್ತದೆ. ಹೊರಡುವಾಗ ಅದರ ಹಲವು ಪಟ್ಟು. ಆದ್ದರಿಂದ ಸ್ವಿಚ್ಚು ಸ್ಟಾರ್ಟರಿನ ಕಾಂಟ್ಯಾಕ್ಟರ್ ಕಾಯಿಲ್‌ಗೆ ಮಾತ್ರ ಅಪ್ಪಣೆ ಕೊಡಬೇಕು. ಓವರ್‌ಲೋಡ್ ರಿಲೇ, ಫೇಸ್ ತಪ್ಪಿದಾಗ ಮೋಟಾರು ನಿಲ್ಲಿಸುವ ಸಾಧನ, ನೀರಿಲ್ಲದೆ ಓಡದಂತೆ ತಡೆಯುವ ಸಾಧನ ಇವೆಲ್ಲ ತಮ್ಮ ಜಾಗದಲ್ಲೇ ಇರಬೇಕು. ಫೋನಿನಲ್ಲಿ 'ಆನ್' ಎಂದು ತೋರಿದರೆ ನೀರು ಹೊರಟಿತೆಂದು ಅರ್ಥವಲ್ಲ. ಪೈಪಿನ ಒತ್ತಡವನ್ನೋ ಮೋಟಾರಿನ ಕರೆಂಟನ್ನೋ ಅಳೆದು ತಿಳಿಸುವ ವ್ಯವಸ್ಥೆ ಬೇಕು. ಇದೆಲ್ಲಕ್ಕಿಂತ ಮುಖ್ಯವಾದುದು ಪಂಪ್‌ಹೌಸಿನ ಬಾಗಿಲಲ್ಲಿ ಬೀಗದ ಸ್ವಿಚ್ಚು. ಆಳುಗಳು ಪೈಪು ಬಿಚ್ಚಿ ಬೇರೆಡೆಗೆ ಸಾಗಿಸುತ್ತಿರುವಾಗ ಬೆಂಗಳೂರಿನಲ್ಲಿ ಕುಳಿತವರು ಗುಂಡಿ ಒತ್ತಿದರೆ ಅನಾಹುತ ನಿಶ್ಚಿತ.

ಕಳಸದ ಕಣಿವೆಗಳಲ್ಲಿ ಮೊಬೈಲ್ ಸಿಗ್ನಲ್ಲೇ ದುರ್ಲಭ, ವೈ-ಫೈಯಂತೂ ಅಂಗಳ ದಾಟುವುದಿಲ್ಲ. ಅಲ್ಲಿ 865–867 ಮೆಗಾಹರ್ಟ್ಸ್‌ನ ಲೋರಾ ರೇಡಿಯೊ ಸೂಕ್ತ; 2005ರಿಂದ ಈ ತರಂಗಕ್ಕೆ ಪರವಾನಗಿ ಬೇಕಿಲ್ಲ. ಆದರೂ ಇಂತಹ ಸಾಧನವನ್ನು ತಯಾರಿಸಿ ಮಾರುವವರು ದೂರಸಂಪರ್ಕ ಇಲಾಖೆಯ ಡಬ್ಲ್ಯುಪಿಸಿ ವಿಭಾಗದ ಸಲಕರಣೆ ಅನುಮೋದನೆ ಪಡೆಯಬೇಕು. ಸಿಡಿಲಿನ ಕಾಟಕ್ಕೆ ಸರಿಯಾದ ಅರ್ಥಿಂಗ್, ಸರ್ಜ್ ನಿರೋಧಕ ಬೇಕೆಂದು ಮಲೆನಾಡಿನವರಿಗೆ ಬೇರೆ ಹೇಳಬೇಕಿಲ್ಲ.

ಡೀಸೆಲ್ ಎಂಜಿನ್ನಿನಿಂದ ನೀರೆತ್ತುವ ತೋಟಗಳಿಗೆ ಈ ಲೆಕ್ಕ ಅನ್ವಯಿಸದು. ವಿದ್ಯುತ್ ಪಂಪಿದ್ದರೂ ಸ್ಪ್ರಿಂಕ್ಲರ್ ಪೈಪು ಸಾಗಿಸುವ ಆಳುಗಳ ಕೂಲಿ ಹಾಗೆಯೇ ಉಳಿಯುತ್ತದೆ. ಅದು ಉಳಿಯುತ್ತದೆಂದು ಹೇಳಿ ಮಾರುವವರನ್ನು ನಂಬಬಾರದು. ಅಡಿಕೆಯ ಹನಿ ನೀರಾವರಿಯ ಮಾತು ಬೇರೆ: ಅಲ್ಲಿ ಪೈಪು ಒಂದೇ ಕಡೆ ಇರುವುದರಿಂದ ವಿದ್ಯುತ್ ವಾಲ್ವ್ ಅಳವಡಿಸಿ ಇಡೀ ಸರದಿಯನ್ನು ಯಂತ್ರಕ್ಕೆ ಒಪ್ಪಿಸಬಹುದು.

ನಮ್ಮ ಸಣ್ಣ ಉದ್ಯಮಿಗಳಿಗೆ ಕೆಲಸವಿರುವುದು ಸ್ವಿಚ್ಚಿಗೂ ಸ್ಟಾರ್ಟರಿಗೂ ನಡುವಿನ ಪೆಟ್ಟಿಗೆಯಲ್ಲಿ. ಬಿಲ್ಲು ಬರೆಯುವಾಗ ಎಚ್ಚರವಿರಲಿ. 2025ರ ಸೆಪ್ಟೆಂಬರ್ 22ರಿಂದ ಹನಿ ಮತ್ತು ತುಂತುರು ನೀರಾವರಿ ಸಾಧನಗಳ ಜಿಎಸ್‌ಟಿ ಶೇ. 12ರಿಂದ 5ಕ್ಕೆ ಇಳಿದಿದೆ. ಪ್ರತ್ಯೇಕವಾಗಿ ಮಾರುವ ವಿದ್ಯುತ್ ನಿಯಂತ್ರಣ ಪೆಟ್ಟಿಗೆಗೆ ಶೇ. 18 ಬೀಳುತ್ತದೆ. ನೋಂದಣಿಯಿಲ್ಲದ ಬೆಳೆಗಾರರಿಗೆ ಹೂಡುವಳಿ ತೆರಿಗೆಯ ಜಮೆ ಇಲ್ಲವಾದ್ದರಿಂದ ಆ ಭಾರವೆಲ್ಲ ಅವರದೇ. ದರಪಟ್ಟಿಯಲ್ಲಿ ತೆರಿಗೆ ಸಹಿತ ಬೆಲೆಯನ್ನೇ ತೋರಿಸುವುದು ಲೇಸು. ಮಾರ್ಚಿನಲ್ಲಿ ಕೆಟ್ಟ ಪೆಟ್ಟಿಗೆಯನ್ನು ಮರುದಿನವೇ ಬದಲಿಸಿಕೊಡಬಲ್ಲ ಅಂಗಡಿಯವರಿಗೆ ಬೆಳೆಗಾರರು ಎರಡು ಕಾಸು ಹೆಚ್ಚು ಕೊಡಲು ಹಿಂಜರಿಯಲಾರರು. ಬೆಂಗಳೂರಿನಿಂದ ಪಾರ್ಸೆಲ್ ಬರುವಷ್ಟರಲ್ಲಿ ಹೂವಿನ ಕಾಲ ಮುಗಿದಿರುತ್ತದೆ.

ಆ ಬೆಳೆಗಾರರ ಬಿಲ್ಲನ್ನು ತೋಟದ ಖಾತೆಗೇ ಬರೆದೆವು. ಅದರ ಹಿಂದೆಯೇ ಇನ್ನೆರಡು ಚೀಟಿಗಳಿದ್ದವು: ಕಾಂಟ್ಯಾಕ್ಟರ್, ಕೇಬಲ್ಲು, ಕಬ್ಬಿಣದ ಪೆಟ್ಟಿಗೆಯದೊಂದು, ಊರಿನ ಎಲೆಕ್ಟ್ರಿಷಿಯನ್ನರ ಕೂಲಿಯದಿನ್ನೊಂದು. ಎರಡೂ ಸ್ವಿಚ್ಚಿನ ಬೆಲೆಗಿಂತ ದೊಡ್ಡವಾಗಿದ್ದವು.